ಮಠದ ಗುಟುಕು

ಅಬುಧಾಬಿಗೆ ಬಂದ ಹೊಸತರಲ್ಲಿ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಗಸಗಸೆ ಪಾಯಸದ ಮಾತೆತ್ತಿದ್ದು. ತೊಂಬತ್ತರ ದಶಕದ ನಡುಭಾಗ. ಒಂದೇ ಫ್ಲ್ಯಾಟಿನಲ್ಲಿ ಎರಡು ಸಂಸಾರ. ನಮಗೊಂದು ಕೋಣೆ, ಉಡುಪಿ ಕಡೆಯ ಬ್ಯಾರಿ ಮುಸ್ಲಿಂ ಕುಟುಂಬಕ್ಕೊಂದು ಕೋಣೆ, ಅಡುಗೆಮನೆ ಇಬ್ಬರದೂ. ಆ ಮನೆಯ ಹೆಂಗಸನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಬ್ಬಕ್ಕೆ ಏನು ಸಿಹಿ ಮಾಡುತ್ತೀ ಎಂದು ಅಕ್ಕ ಕೇಳಿದರು. ಗಸಗಸೆ ಎಲ್ಲಿ ಸಿಗುತ್ತದೆ ಹೇಳಿ, ಪಾಯಸ ಮಾಡುತ್ತೇನೆ ಎಂದೆ. ಮೀನು ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಅಕ್ಕ ನನ್ನ ಬಾಯಿ ಮುಚ್ಚಿಬಿಟ್ಟರು.

"ಎಂತ ಮಾರಾಯ್ತಿ, ಅದರ ಹೆಸರು ಎತ್ತಬೇಡ ಇಲ್ಲಿ. ಅದು ಅಫೀಮಿನ ಲೆಕ್ಕ. ಬ್ಯಾಗಲ್ಲಿ ನಾಲ್ಕು ಕಾಳು ಸಿಕ್ಕಿದ್ರೂ ಒಳಗೆ ಹಾಕ್ತಾರೆ. ಮತ್ತೆ ಖಲಾಸ್."

ನಾನು ಲಿಂಗಾಯತರ ಮನೆಯ ಹೆಣ್ಣು, ತುಟಿಯ ಮೇಲೆಲ್ಲ ಬಂಗುಡೆಯ ನೀರು. ಸಿಟ್ಟೂ ಬಂತು, ನಗುವೂ ಬಂತು. ಗಸಗಸೆಗೆ ಜೈಲಾದರೆ ಒಗ್ಗರಣೆಗೆ ಗಲ್ಲೇನು ಎಂದು ಕೇಳಿದೆ. ಅಕ್ಕ ನಗಲಿಲ್ಲ. ಆಗ ನನ್ನ ನಗುವೂ ನಿಂತಿತು. ಗಸಗಸೆಗೇ ಹೀಗಾದರೆ ನನ್ನ ಹೊಟ್ಟೆಯ ಔಷಧಕ್ಕೆ ಏನು ಗತಿ ಎಂಬ ಯೋಚನೆ ಬಂದದ್ದು ಅಲ್ಲೇ, ಆ ಸಿಂಕಿನ ಮುಂದೆ.

ಆ ಔಷಧದ ಕತೆ ಹೇಳಬೇಕು. ನಮ್ಮೂರು ಭೀಮಾ ಮತ್ತು ಕೃಷ್ಣೆಯ ನಡುವಿನ ಬಿಸಿಲ ಸೀಮೆ. ಊರ ಹೊರಗೆ ಒಂದು ಮಠ, ಆ ಮಠದಲ್ಲಿ ಭಂಗಿ ಪ್ರಸಾದ. ಬೇರೆ ಕಡೆಯವರು ಇದನ್ನು ಕೇಳಿದರೆ ಹುಬ್ಬು ಏರಿಸುತ್ತಾರೆ, ಏರಿಸಲಿ. ನಮ್ಮಲ್ಲಿ ಅದು ಕೊಬ್ಬರಿ ಸಕ್ಕರೆಯಷ್ಟೇ ಸಾಮಾನ್ಯ. ಭಂಗಿ ಸೊಪ್ಪನ್ನು, ಅಂದರೆ ಗಾಂಜಾ ಗಿಡದ ಎಲೆಯನ್ನು, ತೊಳೆದು, ಮೆಣಸು ಸೋಂಪು ಸೇರಿಸಿ ಅರೆದು, ಬೆಲ್ಲ ಹಾಕಿದ ಹಾಲಿನಲ್ಲಿ ಕುದಿಸಿ, ಬಂದವರ ಅಂಗೈಗೆ ಒಂದೊಂದು ಗುಟುಕು ಹಾಕುತ್ತಿದ್ದರು. ಮುದುಕರು ಅದನ್ನು ಕುಡಿದು ಭಜನೆಗೆ ಕೂರುತ್ತಿದ್ದರು. ಯಾರಾದರೂ ಅದನ್ನು ನಶೆ ಎಂದರೆ ಅಜ್ಜನವರು, ಅಂದರೆ ಮಠದ ಹಿರಿಯ ಸ್ವಾಮಿಗಳು, ಮೂಲೆಯಲ್ಲಿದ್ದ ಕೋಲಿನ ಕಡೆ ನೋಡುತ್ತಿದ್ದರು.

ಊರಲ್ಲಿಲ್ಲದವರ ಪಾಲಿನ ಪ್ರಸಾದವನ್ನು ಮನೆಯವರು ಕುಡಿಯುವ ಪದ್ಧತಿಯೂ ಇತ್ತು. ದುಡಿಯಲು ಬೊಂಬಾಯಿಗೆ ಹೋದವನ ಗುಟುಕನ್ನು ಅವನ ಹೆಂಡತಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಅವರಿಗಿ ಮುಟ್ಟಿತು" ಎನ್ನುತ್ತಿದ್ದಳು. ನಾವು ಹುಡುಗಿಯರು ಅದನ್ನು ಅಣಕಿಸಿ ನಗುತ್ತಿದ್ದೆವು. ನನ್ನ ಅವ್ವ ಮಾತ್ರ ತುಟಿಗೂ ಸೋಕಿಸುತ್ತಿರಲಿಲ್ಲ. ಅಂಗೈಯಲ್ಲಿದ್ದುದನ್ನು ಕಣ್ಣಿಗೊತ್ತಿಕೊಂಡು ಬೇವಿನ ಬುಡಕ್ಕೆ ಬಿಡುತ್ತಿದ್ದಳು. ತಲೆ ತಿರುಗಿದರೆ ರೊಟ್ಟಿ ಬಡಿಯುವವರು ಯಾರು ಎನ್ನುವುದು ಅವಳ ಪ್ರಶ್ನೆ.

ನಾನು ದೊಡ್ಡವಳಾದಾಗಿನಿಂದ ತಿಂಗಳು ತಿಂಗಳೂ ಹೊಟ್ಟೆ ನೋವು. ಎಲ್ಲ ಹೆಣ್ಣುಮಕ್ಕಳಿಗೂ ಬರುವಂಥದಲ್ಲ. ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ಸೊಂಟ, ತೊಡೆ ಎಲ್ಲ ಸೀಳುತ್ತಿತ್ತು. ಬಯಲಿಗೆ ಹೋಗಿ ಕುಳಿತರೆ ಪ್ರಾಣ ಹೋಗಿ ಬರುತ್ತಿತ್ತು. ತಿಂದದ್ದು ಒಂದೂ ನಿಲ್ಲುತ್ತಿರಲಿಲ್ಲ. ಮದುವೆಯಾದರೆ ಹೋಗುತ್ತದೆ ಎಂದರು. ಮದುವೆಯಾಯಿತು, ಹೋಗಲಿಲ್ಲ. ಕೂಸಾದರೆ ಹೋಗುತ್ತದೆ ಎಂದರು. ಕೂಸೇ ಆಗಲಿಲ್ಲ. ಹೇಳಿದವರು ಮಾತ್ರ ಮನೆಗೆ ಬಂದು ಚಹಾ ಕುಡಿದು ಹೋಗುತ್ತಲೇ ಇದ್ದರು.

ಒಂದು ಸಲ ನಾನು ನೆಲಕ್ಕೆ ಹಣೆ ಬಡಿದುಕೊಂಡದ್ದನ್ನು ನೋಡಿ ಅವ್ವ ನೇರ ಮಠಕ್ಕೆ ಓಡಿದಳಂತೆ. ಮುಟ್ಟಾದವಳಿಗೆ ಪ್ರಸಾದ ಕೊಡಬಹುದೇ ಎಂದು ಹೆದರುತ್ತ ಕೇಳಿದಳಂತೆ. "ಹೊಟ್ಟಿ ನೋವಿಗಿ ಮೈಲಿಗಿ ಎಲ್ಲಿಂದು? ಒಯ್ದು ಕುಡಸು" ಎಂದರಂತೆ ಅಜ್ಜನವರು. ಅವ್ವ ಹಿತ್ತಾಳೆಯ ಬಟ್ಟಲಲ್ಲಿ ತಂದು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದಳು.

ನೋವು ಹೋಗಲಿಲ್ಲ. ಅದನ್ನು ಸರಿಯಾಗಿ ಹೇಳಬೇಕು, ಯಾಕೆಂದರೆ ಇಂಥ ವಿಷಯದಲ್ಲಿ ಜನ ಬೇಗ ಬಣ್ಣ ಕಟ್ಟುತ್ತಾರೆ. ನೋವು ನನ್ನನ್ನು ಬಿಟ್ಟು ಕೋಣೆಯ ಆಚೆ ಮೂಲೆಗೆ ಹೋಗಿ ಕೂತಿತು, ನಾನು ಈಚೆ ಮೂಲೆಯಲ್ಲಿ ಮಲಗಿ ಅದನ್ನು ನೋಡುತ್ತಿದ್ದೆ. ಅಷ್ಟೇ. ಆದರೆ ಹಸಿವಾಯಿತು. ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಉಂಡದ್ದು ಹೊಟ್ಟೆಯಲ್ಲಿ ಉಳಿಯಿತು. ಅವ್ವ ತಲೆಗೆ ಎಣ್ಣೆ ಹಚ್ಚಿದಳು, ಅವಳ ಕೈ ಕೆಳಗೇ ನಿದ್ದೆ ಬಂತು. ಆಮೇಲೆ ಪ್ರತಿ ತಿಂಗಳೂ ಬಟ್ಟಲು ಬಂತು, ನಾನು ಗಂಡನ ಜೊತೆ ವಿಮಾನ ಹತ್ತುವ ತನಕ.

ನಮ್ಮ ಮನೆಯವರು ಊರಾಚೆಯ ಕಾರ್ಖಾನೆ ಪ್ರದೇಶವಾದ ಮುಸಫ್ಫಾದ ಒಂದು ಶೆಡ್ಡಿನಲ್ಲಿ ಫೋರ್‌ಮನ್. ಕಬ್ಬಿಣದ ದೊಡ್ಡ ದೊಡ್ಡ ಪೈಪು ಜೋಡಿಸುವ ಕೆಲಸ. ಬೆಳಗಾಗುವ ಮುಂಚೆ ಕಂಪನಿ ಬಸ್ಸು ಬರುತ್ತಿತ್ತು. ಅವರು ಹೋದ ಮೇಲೆ ಆ ದಿನಗಳಲ್ಲಿ ನಾನು ಬಚ್ಚಲುಮನೆಯ ತಣ್ಣನೆಯ ಟೈಲ್ಸಿನ ಮೇಲೆ ಮಲಗುತ್ತಿದ್ದೆ. ಕ್ಲಿನಿಕ್ಕಿನ ಗುಳಿಗೆ ತಿಂದರೆ ಹೊಟ್ಟೆ ಉರಿ, ತಿನ್ನದಿದ್ದರೆ ನೋವು. ಅಕ್ಕ ಶುಂಠಿ ಕಷಾಯ ಮಾಡಿ ತಂದು, "ಕುಡಿ ಮಾರಾಯ್ತಿ, ಸ್ವಲ್ಪ ಕುಡಿ" ಎಂದು ಬಾಗಿಲ ಹೊರಗೇ ಕೂರುತ್ತಿದ್ದರು. ಅವರ ಮಕ್ಕಳು ಶಾಲೆಯಿಂದ ಬಂದು ಇಂಗ್ಲಿಷಿನಲ್ಲಿ, ಆಂಟಿಗೆ ಏನಾಗಿದೆ ಎಂದು ಕೇಳುತ್ತಿದ್ದವು. ಅಕ್ಕ ಅವನ್ನು ಗದರಿಸಿ ಕಳಿಸುತ್ತಿದ್ದರು.

ಎಲ್ಲರೂ ಊರಿಗಾಗಿ ಹಂಬಲಿಸುತ್ತಿದ್ದರು. ಕೆಲವರಿಗೆ ಮಳೆ ಬೇಕು, ಕೆಲವರಿಗೆ ಮಾವಿನಕಾಯಿ. ನನಗೆ ಆ ಒಂದು ಗುಟುಕು ಬೇಕಿತ್ತು. ಎರಡು ವರ್ಷಕ್ಕೊಮ್ಮೆ ರಜೆ ಸಿಕ್ಕಾಗ, ಆ ದಿನಗಳು ಊರಲ್ಲೇ ಬರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ಮಕ್ಕಳಿಲ್ಲದವಳು ಮುಟ್ಟಿಗಾಗಿ ಹರಕೆ ಹೊರುವುದೆಂದರೆ ಏನೆಂದು ಬೇರೆಯವರಿಗೆ ಹೇಳಲಾಗುವುದಿಲ್ಲ. ನನ್ನ ಗಂಡನಿಗೂ ಹೇಳಿರಲಿಲ್ಲ.

ಶುಕ್ರವಾರ ಊರಿಗೆ ಫೋನು. ನಮ್ಮ ಬೀದಿಯ ಕೊನೆಯಲ್ಲಿ ಕಾರ್ಡು ಹಾಕುವ ಬೂತ್ ಇತ್ತು. ಊರ ಕಿರಾಣಿ ಅಂಗಡಿಗೆ ಫೋನು ಮಾಡಿ, ಅವ್ವನ್ನ ಕರೀರಿ ಎಂದು ಇಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಬೇಕು. ಒಂದು ಶುಕ್ರವಾರ ನೋವಿನಲ್ಲೇ ಹೋಗಿದ್ದೆ. ಆರಾಮದಿ ಏನವಾ ಎಂದು ಅವ್ವ ಕೇಳಿದ್ದೇ ತಡ, ಅತ್ತುಬಿಟ್ಟೆ.

"ಒಂದ್ ಗುಟುಕು ಇದ್ದಿದ್ರ ಸಾಕಿತ್ತವ್ವಾ."

ಅಂಗಡಿಯ ತಕ್ಕಡಿಯ ಸದ್ದು ಮಾತ್ರ ಕೇಳುತ್ತಿತ್ತು. ಆಡಿದ ಮಾತನ್ನು ನಾನು ಮರೆತೆ, ಅವಳು ಮರೆಯಲಿಲ್ಲ.

ಅದೇ ಕಾಲಕ್ಕೆ ನಮ್ಮವರ ಕೈಕೆಳಗಿನ ವೆಲ್ಡರ್ ಒಬ್ಬ ರಜೆಗೆ ಹೋದ. ವಿಜಾಪುರ ಕಡೆಯವನು, ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಹುಟ್ಟಿದ ಮಗಳ ಮುಖ ಇನ್ನೂ ನೋಡಿರಲಿಲ್ಲ, ಅದಕ್ಕೆ ಹೊರಟಿದ್ದ. ಅವನ ಕೈಯಲ್ಲಿ ಅವ್ವನಿಗೆ ಒಂದು ಕಂಬಳಿ, ಹಾಲಿನ ಪುಡಿಯ ಡಬ್ಬಿ ಕಳಿಸಿದೆವು. ಬರುವಾಗ ಅವ್ವನಿಂದ ಶೇಂಗಾ ಚಟ್ನಿ ಪುಡಿ ತರುತ್ತೇನೆಂದು ತಾನಾಗಿಯೇ ಹೇಳಿದ್ದ.

ಕರಾವಳಿಯವರು ಗಲ್ಫಿಗೆ ಹಳಬರು. ಅವರಲ್ಲಿ ಒಂದು ಕಟ್ಟುಪಾಡಿತ್ತು. ಯಾರೇ ಪಾರ್ಸೆಲ್ ಕೊಟ್ಟರೂ, ಹೆತ್ತ ತಾಯಿಯೇ ಕೊಟ್ಟರೂ, ಒಯ್ಯುವವನ ಮುಂದೆ ಬಿಚ್ಚಿ ತೋರಿಸಿ ಮತ್ತೆ ಕಟ್ಟಬೇಕು. ನಮ್ಮ ಬಿಸಿಲ ಸೀಮೆಯವರು ಹೊಸಬರು, ನಮಗೆ ಈ ಬುದ್ಧಿ ಇರಲಿಲ್ಲ. ಇದ್ದಿದ್ದರೂ ಪ್ರಸಾದದ ಗಂಟನ್ನು ಬಿಚ್ಚಿ ನೋಡುವವರು ನಮ್ಮಲ್ಲಿ ಯಾರಿದ್ದಾರೆ?

ಅವನು ಮರಳುವ ವಾರ. ಶುಕ್ರವಾರ ಬೆಳಿಗ್ಗೆ ಫೋನು ಮಾಡಿದರೆ ಅವ್ವನ ದನಿಯಲ್ಲಿ ಹಿಗ್ಗು.

"ಆ ಹುಡುಗನ ಕೈಯಾಗ ಚಟ್ನಿ ಕೊಟ್ಟೀನಿ. ಪ್ರಸಾದನೂ ಕಳಸೀನಿ."

"ಕುಂಕುಮ ಏನವ್ವಾ?"

"ಕುಂಕುಮ ಯಾಕ ಕಳಸ್ಲಿ? ನಿನ್ನ ಹೊಟ್ಟಿದು. ಅಜ್ಜಾರನ್ನ ಕೇಳಿ ಒಣಗಿದ್ದು ತಂದು, ನನ್ನ ಹಳೇ ಸೀರಿ ಅರಿವ್ಯಾಗ ಕಟ್ಟೀನಿ. ಹಾಲಾಗ ಕುದಿಸಿ ಕುಡಿ. ಅಂವಗ ಹೇಳೀನಿ, ದೇವರದದ, ಕೆಳಗ ಇಡಬ್ಯಾಡಪಾ ಅಂತ."

ಬೂತಿನೊಳಗೆ ಕಾದ ಗಾಳಿ. ಅಂವ ಎಲ್ಲಿದ್ದಾನವ್ವಾ ಎಂದೆ. ನಿನ್ನೆಯೇ ವಾಡಿಯಲ್ಲಿ ರೈಲು ಹತ್ತಿದ್ದ, ನಾಳೆ ಬೆಳಿಗ್ಗೆ ಬೊಂಬಾಯಿಯಿಂದ ವಿಮಾನ. ಅವ್ವನಿಗೆ ಏನು ಹೇಳಿ ಫೋನಿಟ್ಟೆನೋ ನೆನಪಿಲ್ಲ.

ನಮ್ಮವರು ಲುಂಗಿಯಲ್ಲಿ ಕೂತು ರಜೆಯ ದಿನದ ಗಡ್ಡ ಕೆರೆದುಕೊಳ್ಳುತ್ತಿದ್ದರು. ವಿಷಯ ಹೇಳಿದೆ. ಅವರು ಎದ್ದು ನಿಂತವರು ಮತ್ತೆ ಕೂತರು.

"ನಿಮ್ಮವ್ವಗ ತಲಿ ಅದ ಏನು? ಅಂವ ಸಿಕ್ಕರ ವರ್ಷಗಟ್ಟಲೆ ಒಳಗ. ಕೂಸು ಈಗ ಹುಟ್ಟ್ಯಾದ."

"ನಮ್ಮವ್ವಗ ಏನ್ ಗೊತ್ತ್ರೀ? ಮಠದಾಗ ಕೊಡೂದು ಜೈಲಿನ ವಸ್ತು ಅಂತ ಆಕಿಗಿ ಯಾರ್ ಹೇಳ್ಯಾರ?"

ಬೊಂಬಾಯಿಯ ಏಜೆಂಟಿನ ಆಫೀಸಿಗೆ ಫೋನು ಮಾಡಿದರು. ಟಿಕೆಟ್ಟು ಒಯ್ದು ಹೋಗಿದ್ದಾನೆ, ಎಲ್ಲಿ ಇಳಿದುಕೊಂಡಿದ್ದಾನೋ ಗೊತ್ತಿಲ್ಲ ಎಂದರು. ಆಗ ಕೈಯಲ್ಲಿ ಮೊಬೈಲು ಇದ್ದ ಜನ ನಾವಲ್ಲ. ಮಾಡುವುದೇನೂ ಉಳಿಯಲಿಲ್ಲ. ಅಕ್ಕನಿಗೆ ಹೇಳಿದೆ. ಅವರು ಬೈಯಲಿಲ್ಲ. "ಪಾಪ, ನಿನ್ನ ಅಮ್ಮನಿಗೆ ಎಂತ ಗೊತ್ತು. ನಾನು ದುವಾ ಮಾಡ್ತೇನೆ. ನೀನು ನಿನ್ನ ದೇವರನ್ನು ಕರೆ" ಎಂದರು. ಕರೆದೆ. ಆದರೆ ಪ್ರಸಾದ ಸಿಕ್ಕಿಬೀಳದಿರಲಿ ಎಂದು ಪ್ರಸಾದದ ದೇವರಿಗೇ ಹೇಗೆ ಬೇಡುವುದೋ ತಿಳಿಯಲಿಲ್ಲ.

ಮರುದಿನ ನಮ್ಮವರು ಕೆಲಸಕ್ಕೆ ಹೋಗಲಿಲ್ಲ. ಬೇಡವೆಂದರೂ ನಾನೂ ಟ್ಯಾಕ್ಸಿ ಹತ್ತಿದೆ. ವಿಮಾನ ಇಳಿದಿತ್ತು. ಕಂಬಿಯ ಆಚೆ ಜನ ಬರತೊಡಗಿದರು, ಹಗ್ಗ ಕಟ್ಟಿದ ಪೆಟ್ಟಿಗೆಗಳು, ಟವೆಲ್ಲು ಸುತ್ತಿದ ತಲೆಗಳು. ಅವನು ಬರಲಿಲ್ಲ. ಜನ ವಿರಳವಾದರು, ಆಗಲೂ ಬರಲಿಲ್ಲ. ನಮ್ಮವರು ನನ್ನ ಕಡೆ ನೋಡದೆ ನಿಂತಿದ್ದರು. ಅವನ ಹೆಂಡತಿಗೆ ಯಾವ ಬಾಯಲ್ಲಿ ಹೇಳುವುದು ಎಂದು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನು ಕಾಣಿಸಿಕೊಂಡ, ಚಟ್ನಿಯ ಡಬ್ಬಿಯನ್ನು ಎದೆಗವಚಿಕೊಂಡು. ಚೀಲವನ್ನೆಲ್ಲ ಕೆದರಿ ನೋಡಿದ್ದರಂತೆ. ಖಾರದ ಪುಡಿ ಮೂಗಿಗೆ ಹೋಗಿ ಅಧಿಕಾರಿ ಸೀನಿದರಂತೆ.

ಟ್ಯಾಕ್ಸಿಯಲ್ಲಿ ಕೂತ ಮೇಲೆ ನಮ್ಮವರು ತಗ್ಗಿದ ದನಿಯಲ್ಲಿ ಪ್ರಸಾದದ ಗಂಟಿನ ವಿಷಯ ಕೇಳಿದರು. ಅವನು ತಲೆ ತಗ್ಗಿಸಿದ.

"ತಪ್ಪು ತಿಳಿಬ್ಯಾಡ್ರಿ ಅಕ್ಕಾರ. ಬೊಂಬಾಯಿ ಲಾಡ್ಜಿನ್ಯಾಗ ಸೆಕೆಗೆ ವಾಸನಿ ಬಂತ್ರಿ. ನಮ್ಮ ಕಡೆನೂ ಮಠ ಐತಿ, ನನಗ ಗೊತ್ತಾತು. ಕಚರಾದಾಗ ಒಗಿಯಾಕ ಮನಸ್ಸು ಬರಲಿಲ್ಲ, ದೇವರದು ಅಂದಿದ್ರು ಅವ್ವಾರು. ಸಮುದ್ರದ ತನಕ ಹೋಗಿ ನೀರಿಗೆ ಬಿಟ್ಟು ಬಂದೀನಿ. ಅರಿವಿ ಅಲ್ಲೇ ತೊಳದು ತಂದೀನಿ, ಅವ್ವಾರ ಸೀರಿದು ಐತಲ್ರಿ."

ಜೇಬಿನಿಂದ ಮಡಿಸಿದ ಬಟ್ಟೆಯ ಚೂರು ತೆಗೆದು ಕೊಟ್ಟ. ಅವ್ವನ ಹಸಿರು ಇಳಕಲ್ಲು ಸೀರೆ, ಅಂಚು ಮಾಸಿದ್ದು. ಮನುಷ್ಯ ಬದುಕಿ ಬಂದಿದ್ದ. ನಾನು ಖುಷಿಪಡಬೇಕಿತ್ತು, ಪಟ್ಟೆ ಕೂಡ. ಆದರೆ ಕೈ ತನ್ನಷ್ಟಕ್ಕೆ ಬಟ್ಟೆಯನ್ನು ಮೂಗಿಗೆ ಒತ್ತಿ ಹಿಡಿಯಿತು. ಮೂಲೆ ಮೂಲೆ ಹುಡುಕಿದೆ. ಬರೀ ಉಪ್ಪಿನ ವಾಸನೆ. ಆಗ ನಾನು ಅತ್ತ ಹಾಗೆ ನೋವಿನಲ್ಲೂ ಅತ್ತಿರಲಿಲ್ಲ. ಅವನು ಬಂದ ಸಮಾಧಾನಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಇಬ್ಬರೂ ಗಂಡಸರು ಕಿಟಕಿಯ ಕಡೆ ತಿರುಗಿಕೊಂಡರು. ಅದು ಬರಲಿಲ್ಲವಲ್ಲ ಎಂದು ಅಳುತ್ತಿದ್ದೆ.

ಮುಂದಿನ ಶುಕ್ರವಾರ ಅವ್ವನಿಗೆ ನಿಜ ಹೇಳಬೇಕಾಯಿತು. ಮುಟ್ಟಿತು ಎಂದು ಸುಳ್ಳು ಹೇಳಿದರೆ ಮತ್ತೊಬ್ಬನ ಕೈಯಲ್ಲಿ ಕಳಿಸಿಬಿಡುತ್ತಾಳೆ. ಇಲ್ಲಿ ಅದನ್ನು ಇಟ್ಟುಕೊಂಡರೆ ಜೈಲು, ಆ ಹುಡುಗ ಸ್ವಲ್ಪದರಲ್ಲಿ ಉಳಿದ, ಇನ್ನು ಯಾವತ್ತೂ ಕಳಿಸಬೇಡ ಎಂದೆ. ಅವ್ವ ಕೇಳಿದಳು.

"ಅದೆಂಥಾ ಊರು ಯವ್ವಾ? ಹಂಗಾದ್ರ ಅಲ್ಲಿ ಹೆಣ್ಮಕ್ಕಳು ನೋವು ಹೆಂಗ ತಡಕೋತಾರ?"

ತಡಕೋತಾರವ್ವಾ ಎಂದೆ. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಪ್ರತಿ ಸಲ ಅವಳು ಕೇಳುತ್ತಿದ್ದುದು ಒಂದೇ, ಈ ತಿಂಗಳು ನಿನ್ನ ತಾರೀಖು ಯಾವಾಗ ಎಂದು. ಮೊಮ್ಮಗುವಿನ ಆಸೆಗೆ ಕೇಳುತ್ತಾಳೆ ಎಂದುಕೊಂಡು ನನಗೆ ರೇಗುತ್ತಿತ್ತು. ಆದರೂ ಹೇಳುತ್ತಿದ್ದೆ.

ಹೊಸ ಶತಮಾನ ಬಂದ ಮೇಲೆ ನನ್ನ ಕಾಯಿಲೆಗೆ ಒಂದು ಹೆಸರೂ ಬಂತು. ಅಬುಧಾಬಿಯ ಆಸ್ಪತ್ರೆಯಲ್ಲಿದ್ದ ಹೈದರಾಬಾದಿನ ಒಬ್ಬ ಡಾಕ್ಟರಮ್ಮ, ನಮ್ಮ ಕಡೆಯ ಉರ್ದುವಿನಲ್ಲೇ ಮಾತಾಡುವವರು, ಹೊಕ್ಕುಳ ಬಳಿ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡಿದರು. ಎಂಡೋಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಪದರದಂಥದೇ ಹೊರಗಡೆಯೂ ಬೆಳೆದು, ತಿಂಗಳು ತಿಂಗಳು ಕೆರಳಿ, ಕರುಳಿಗೆಲ್ಲ ಅಂಟಿಕೊಂಡಿದೆ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಚಹಾ ಕುಡಿದು ಹೋದವರನ್ನೆಲ್ಲ ಕರೆದು ಆ ಚಿತ್ರ ತೋರಿಸಬೇಕು ಅನ್ನಿಸಿತು. ಅಂಟನ್ನೆಲ್ಲ ಬಿಡಿಸಿದರು. ಸ್ವಲ್ಪ ಕಾಲ ಚೆನ್ನಾಗಿದ್ದೆ. ಆಮೇಲೆ ನೋವು ಹಳೆಯ ಬಾಡಿಗೆದಾರನ ಹಾಗೆ ತನ್ನ ಕೋಣೆಗೆ ಮರಳಿತು.

ಮತ್ತೆ ಹೋದಾಗ ಡಾಕ್ಟರಮ್ಮ ಗುಳಿಗೆಗಳನ್ನು ಬದಲಿಸುತ್ತ ಕೇಳಿದರು. ಇಷ್ಟು ವರ್ಷದಲ್ಲಿ ಯಾವುದರಿಂದಲಾದರೂ ಆರಾಮ ಸಿಕ್ಕಿತ್ತೇ? ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ನೋಡಿ, ಮಠದ ಗುಟುಕಿನ ವಿಷಯ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು.

ಆ ಗಿಡದಲ್ಲಿರುವ ವಸ್ತುಗಳಿಗೆ ಕ್ಯಾನಬಿನಾಯ್ಡ್ ಎನ್ನುತ್ತಾರಂತೆ. ಅಂಥದೇ ಒಂದನ್ನು ನಮ್ಮ ಮೈಯೂ ತಾನೇ ತಯಾರಿಸಿಕೊಳ್ಳುತ್ತದಂತೆ. ಅದನ್ನು ಗುರುತು ಹಿಡಿಯುವ ಜಾಗಗಳು ನರಗಳಲ್ಲಿವೆ, ಗರ್ಭಕೋಶದಲ್ಲೂ ಇವೆಯಂತೆ. ನನ್ನಂಥವರ ನೋವಿಗೆ ಅದರಿಂದ ಔಷಧ ಆದೀತೇ ಎಂದು ಹೊರದೇಶಗಳಲ್ಲಿ ಯೋಚಿಸುವವರಿದ್ದಾರೆ. ಆದರೆ ಇನ್ನೂ ಏನೂ ಸಾಬೀತಾಗಿಲ್ಲ, ಅಪಾಯವೂ ಇರಬಹುದು, ಮಗು ಬೇಕೆನ್ನುವವರಿಗಂತೂ ಒಳ್ಳೆಯದಲ್ಲ, ಈ ದೇಶದಲ್ಲಿ ತಮಾಷೆಗೂ ಈ ಮಾತಾಡಬೇಡಿ ಎಂದು ಎಚ್ಚರಿಸಿದರು. ಕೊನೆಗೆ ನನ್ನ ಕೈ ತಟ್ಟಿ, ನಿಮಗೆ ಆಗಿದ್ದು ಬರೀ ಭ್ರಮೆ ಎಂದು ನಾನು ಹೇಳುವುದಿಲ್ಲ ಎಂದರು. ಆ ಒಂದು ಮಾತಿಗೆ ನಾನು ಎಷ್ಟು ವರ್ಷ ಕಾದಿದ್ದೆನೋ.

ಹೊರಗೆ ಬಂದು ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತೆ. ಅಂದು ಕೂಡ ನೋವಿತ್ತು. ಅಷ್ಟರಲ್ಲಿ ನನ್ನ ಕೈಗೂ ಮೊಬೈಲು ಬಂದಿತ್ತು, ಊರ ಮನೆಗೂ ಫೋನು ಬಂದಿತ್ತು. ಶುಕ್ರವಾರವಲ್ಲದಿದ್ದರೂ ಅವ್ವನಿಗೆ ಮಾಡಿದೆ. ಅಜ್ಜನವರ ಪ್ರಸಾದದಿಂದ ನನ್ನಂಥವರಿಗೆ ಔಷಧ ಆದೀತೇನೋ ಅಂತ ದೊಡ್ಡ ದೊಡ್ಡವರು ನೋಡುತ್ತಿದ್ದಾರಂತೆ ಎಂದೆ.

"ಅವರಿಗಿ ಈಗ ತಿಳೀತೇನು?" ಎಂದು ಅವ್ವ ನಕ್ಕಳು. ನಕ್ಕು ನಿಲ್ಲಿಸಲಿಲ್ಲ. ಅವ್ವ ಹಾಗೆ ನಗುವವಳಲ್ಲ.

"ಯಾಕ ಅವ್ವಾ ಇಷ್ಟು ನಗ್ಲತ್ತೀ?"

"ಇವತ್ತು ನಿನ್ನ ತಾರೀಖಲ್ಲೇನು? ಮಠಕ್ಕ ಹೋಗಿದ್ದೆ. ನಿನ್ನ ಪಾಲಿಂದು ಕುಡದು ಬಂದೀನಿ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ನೀನು ಕುಡಿಯುವವಳಲ್ಲವಲ್ಲ, ಯಾವಾಗಿನಿಂದ ಎಂದು ಕೇಳಿದೆ.

"ನೀ ಕಳಸಬ್ಯಾಡ ಅಂದಿದ್ದಿಯಲ್ಲ, ಅದರ ಮರು ತಿಂಗಳಿಂದ. ಒಂದ್ ತಿಂಗಳೂ ತಪ್ಪಿಸಿಲ್ಲ ನೋಡು."

"ಮತ್ತ ರೊಟ್ಟಿ ಯಾರು ಬಡೀತಾರ?"

"ಆವತ್ತು ರೊಟ್ಟಿ ಇಲ್ಲ. ನಿಮ್ಮಪ್ಪ ಅನ್ನ ಉಣ್ತಾನ." ಮತ್ತೆ ನಗು. ಆಮೇಲೆ ದನಿ ತಗ್ಗಿಸಿ ಕೇಳಿದಳು. "ನಿನಗ ಮುಟ್ಟತದ, ಹೌದಿಲ್ಲೋ?"

ನಾನು ಬೆಂಚಿನ ಮೇಲೆ ಎರಡಾಗಿ ಬಗ್ಗಿ, ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದಿದ್ದೆ.

"ಮುಟ್ಟತದ ಅವ್ವಾ."

"ಈಗ ಕಡಿಮಿ ಆಗ್ಯಾದೇನು?"

"ಆಗ್ಯಾದ."

ಅವ್ವ ತನ್ನಷ್ಟಕ್ಕೆ ನಗುತ್ತ, ಹಸಿವಾಗುತ್ತಿದೆ ಎನ್ನುತ್ತ, ಮತ್ತೆ ನಗುತ್ತ ಇದ್ದಳು. ನನ್ನ ಬಸ್ಸು ಬಂತು, ಹೋಯಿತು. ಲೈನು ತಾನಾಗಿ ಕಡಿದು ಹೋಗುವ ತನಕ ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.